ಮಲಕಪೇಟೆಯ ರೇಸ್ ಕೋರ್ಸ್: ನಿಜಾಮರದೋ, ದಂಡಿನವರದೋ, ಕ್ಲಬ್ಬಿನದೋ?

ಪ್ರಶ್ನೆ: ಬ್ರಹ್ಮಪುರ ಓದುಗ, ಕಲಬುರಗಿ

ಎಲ್ಲರಿಗೂ ಶರಣು. ಹೈದರಾಬಾದಿನ ಮಲಕಪೇಟೆಯಲ್ಲಿರುವ ಕುದುರೆ ರೇಸಿನ ಮೈದಾನದ ಇತಿಹಾಸ ಬಲ್ಲವರಿಂದ ಸ್ವಲ್ಪ ಸ್ಪಷ್ಟನೆ ಬೇಕಾಗಿದೆ. ನಮ್ಮ ಭಾಗದವರಿಗೆ ಆ ಜಾಗ ಹೊಸದೇನಲ್ಲ. ಇಲ್ಲಿಂದ ಬಸ್ಸಿನಲ್ಲಿ ಹೋಗಿ ಇಮ್ಲಿಬನ್ ನಿಲ್ದಾಣದಲ್ಲಿ ಇಳಿದರೆ ಮಲಕಪೇಟೆ ಅಲ್ಲೇ ಹತ್ತಿರ. ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಅದು. ಆಸ್ಪತ್ರೆಗೋ ಮದುವೆ ಜವಳಿಗೋ ಹೈದರಾಬಾದಿಗೆ ಹೋಗಿಬರುವ ನಮ್ಮವರು ಆ ಕಡೆ ಓಡಾಡಿರುತ್ತಾರೆ, ಆದರೆ ಒಳಗೇನಿದೆ, ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳಿದವರು ಕಡಿಮೆ.

ನಮ್ಮ ಓದುಗರ ಕೂಟದಲ್ಲಿ ನಿಜಾಮರ ಕಾಲದ ಊರುಗಳ ಬಗ್ಗೆ ಮಾತು ನಡೆದಾಗ ಈ ಮೈದಾನಕ್ಕೆ ಮೂರು ಬೇರೆ ಬೇರೆ ಇಸವಿಗಳು ಕೇಳಿಬಂದವು. ಆರನೆಯ ನಿಜಾಮ ಮೆಹಬೂಬ ಪಾಷಾ 1886ರಲ್ಲಿ ಮಾಡಿಸಿದರು ಎಂದು ಹಿರಿಯರೊಬ್ಬರು ಹೇಳಿದರು. ಹೈದರಾಬಾದ್ ರೇಸ್ ಕ್ಲಬ್ ಹುಟ್ಟಿದ್ದೇ 1961ರಲ್ಲಿ, ಹೀಗಿರುವಾಗ ಅದು ನಿಜಾಮರದು ಹೇಗಾದೀತು ಎಂದು ಇನ್ನೊಬ್ಬರು ವಾದಿಸಿದರು. ಮೂರನೆಯವರು ಅಲ್ಲಿ ರೇಸು ಶುರುವಾದದ್ದು 1968ರಲ್ಲಿ ಎಂದರು. ಇದರ ನಡುವೆ ಗೆಳೆಯರೊಬ್ಬರು, ರೇಸಿನ ಸಂಪ್ರದಾಯ ಹೈದರಾಬಾದಿನದೇ ಅಲ್ಲ, ಬಹಮನಿಗಳ ಕಾಲದಲ್ಲಿ ನಮ್ಮ ಆಳಂದದಲ್ಲಿಯೇ 20 ಸಾವಿರ ಕುದುರೆಗಳು ಸೇರುತ್ತಿದ್ದವು ಎಂದು ಹೇಳಿ ಚರ್ಚೆಯನ್ನು ಐದು ಶತಮಾನ ಹಿಂದಕ್ಕೆ ಒಯ್ದರು.

ಈ ಮೂರರಲ್ಲಿ ಯಾವ ಇಸವಿ ಸರಿ? ಮೈದಾನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಯಾಕೆ ಹೋಯಿತು? ಆ ಮೈದಾನಕ್ಕೂ ನಮ್ಮ ಕಲಬುರಗಿ, ಬೀದರ ಭಾಗಕ್ಕೂ ನಿಜವಾಗಿ ಏನಾದರೂ ನಂಟಿದೆಯೇ? ದಯವಿಟ್ಟು ತಿಳಿಸಿರಿ.

ಉತ್ತರ 1: ದಖನ್ನಿನ ದಾರಿ, ಕಲಬುರಗಿ

ಶರಣು ಸರ್. ನಿಮ್ಮ ಕೂಟದಲ್ಲಿ ಕೇಳಿಬಂದ ಮೂರು ಇಸವಿಗಳೂ ಸರಿಯಾಗಿಯೇ ಇವೆ. ಮೂರನ್ನೂ ಒಂದೇ ಸಂಗತಿಗೆ ಅಂಟಿಸಿದ್ದರಿಂದ ಜಗಳ ಹುಟ್ಟಿದೆ. 1886 ಮೈದಾನದ್ದು, 1961 ಸಂಸ್ಥೆಯದು, 1968 ಆ ಸಂಸ್ಥೆ ಆ ಮೈದಾನಕ್ಕೆ ರೇಸನ್ನು ಮರಳಿ ತಂದದ್ದು. ಇನ್ನು ರೇಸು ಇವೆಲ್ಲಕ್ಕಿಂತ ಹಳೆಯದು, ಮತ್ತು ಅದು ಹುಟ್ಟಿದ್ದು ಮಲಕಪೇಟೆಯಲ್ಲಿ ಅಲ್ಲ, ಸಿಕಂದರಾಬಾದಿನ ಮಗ್ಗುಲಿನ ಮೌಲಾಲಿಯಲ್ಲಿ.

ಮೌಲಾಲಿಯೇ ಯಾಕೆ ಎಂಬುದಕ್ಕೆ ಉತ್ತರ ದಂಡಿನಲ್ಲಿದೆ. ಸಿಕಂದರಾಬಾದಿನ ದಂಡುಪ್ರದೇಶ 1806ರಲ್ಲಿ ನೆಲೆಗೊಂಡಿತು. ಬ್ರಿಟಿಷರು ಎಲ್ಲೆಲ್ಲಿ ಕುದುರೆ ಪಡೆ ಇಟ್ಟರೋ ಅಲ್ಲೆಲ್ಲ ಹೆಚ್ಚುಕಡಿಮೆ ರೇಸು ನಡೆಯಿತು. ಮದರಾಸಿನ ಗಿಂಡಿಯಲ್ಲಿ ಅದರ ಚರಿತ್ರೆಯನ್ನು 1777ರಿಂದ ಎಣಿಸುತ್ತಾರೆ. ಕಲಕತ್ತೆಯ ಟರ್ಫ್ ಕ್ಲಬ್ 1847ರದು. ಮುಂಬಯಿಯ ಮಹಾಲಕ್ಷ್ಮಿಯ ಮೈದಾನ 1883ರದು. ಇದು ಬರೀ ಮೋಜಿನ ಮಾತಾಗಿರಲಿಲ್ಲ. ಮೋಟಾರು ಬರುವ ಮೊದಲು ಪಡೆಯ ಸವಾರಿ, ತೋಪಿನ ಬಂಡಿ, ಟಪ್ಪಾಲು ಎಲ್ಲವೂ ಕುದುರೆಯ ಮೇಲೆಯೇ ನಡೆಯಬೇಕಿತ್ತು, ಆದ್ದರಿಂದ ಯಾವ ಕುದುರೆಗೆ ಎಷ್ಟು ದಮ್ಮಿದೆ ಎಂಬುದನ್ನು ಹತ್ತು ಜನರೆದುರು ಓಡಿಸಿ ನೋಡುವುದು ಅಧಿಕಾರಿಗಳಿಗೆ ಕೆಲಸವೂ ಆಗಿತ್ತು, ಹೊತ್ತು ಕಳೆಯುವ ದಾರಿಯೂ ಆಗಿತ್ತು. ಮೊದಲು ಅರಬ್ಬೀ ಕುದುರೆಗಳು ಮುಂಬಯಿ ಬಂದರಿನ ಮೂಲಕ ಬರುತ್ತಿದ್ದವು. ಆಮೇಲೆ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಿಂದ ಹಡಗುಗಟ್ಟಲೆ ಬರತೊಡಗಿದವು, ಅವುಗಳಿಗೆ ವೇಲರ್ ಎಂದೇ ಹೆಸರು ಬಿತ್ತು. ಸಿಕಂದರಾಬಾದಿನಂಥ ದಂಡುಗಳಲ್ಲಿ ಕುದುರೆಯ ಹುಚ್ಚು ಯಾವ ಮಟ್ಟಕ್ಕಿತ್ತೆಂದರೆ, ಬೆಂಗಳೂರಿನಲ್ಲಿದ್ದ ಒಂದು ರೆಜಿಮೆಂಟಿನ ಅಧಿಕಾರಿಗಳು 1896ರಲ್ಲಿ ಬರೀ ಪೋಲೊ ಆಡಲೆಂದು ಹೈದರಾಬಾದಿಗೆ ಬಂದು ಗೋಲ್ಕೊಂಡ ಕಪ್ ಗೆದ್ದುಕೊಂಡು ಹೋದರು. ಆ ತಂಡದಲ್ಲಿ ವಿನ್‌ಸ್ಟನ್ ಚರ್ಚಿಲ್ ಎಂಬ ಹುಡುಗನೂ ಇದ್ದ. ಇದು ವಿಷಯಾಂತರ, ಬಿಡಿ.

ಈಗ 1886ಕ್ಕೆ ಬರೋಣ. ಆರನೆಯ ನಿಜಾಮ ಮೀರ್ ಮೆಹಬೂಬ ಅಲಿ ಖಾನರು ಹುಟ್ಟಿದ್ದು 1866ರಲ್ಲಿ. 1869ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ ಮೂರು ವರ್ಷ ಕೂಡ ತುಂಬಿರಲಿಲ್ಲ, ಆದ್ದರಿಂದ ರಾಜ್ಯವನ್ನು ದಿವಾನ ಸಾಲಾರ್ ಜಂಗ್ ಮೊದಲಾದವರು ಅವರ ಹೆಸರಿನಲ್ಲಿ ನಡೆಸಿದರು. 1884ರಲ್ಲಿ ವೈಸರಾಯ್ ರಿಪ್ಪನ್ ಸ್ವತಃ ಹೈದರಾಬಾದಿಗೆ ಬಂದು ಅವರಿಗೆ ಪೂರ್ಣಾಧಿಕಾರ ಒಪ್ಪಿಸಿದ. ಅದಾಗಿ ಎರಡೇ ವರ್ಷಕ್ಕೆ ರೇಸು ಮೌಲಾಲಿಯಿಂದ ಮಲಕಪೇಟೆಗೆ ಬಂತು. ಹೇಳಿಕೊಂಡು ಬಂದ ಕಾರಣ ಸರಳವಾದದ್ದು: ಮಲಕಪೇಟೆಯಲ್ಲಿ ಅವರ ಮೆಹಬೂಬ್ ಮ್ಯಾನ್ಶನ್ ಇತ್ತು, ಮೈದಾನ ಅರಮನೆಗೆ ಹತ್ತಿರವಿರಲಿ ಎಂದು ತರಿಸಿಕೊಂಡರು. ಈ ಕಾರಣ ನಿಜವೇ, ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ ಎಂದು ನನ್ನ ಎಣಿಕೆ. ಅಧಿಕಾರ ಕೈಗೆ ಬಂದ ಇಪ್ಪತ್ತರ ಹರೆಯದ ದೊರೆಯೊಬ್ಬ ತನ್ನ ರಾಜಧಾನಿಯ ಬಹು ದೊಡ್ಡ ಕೂಟವನ್ನು ದಂಡಿನ ನೆರಳಿನಿಂದ ಎಬ್ಬಿಸಿ ಮೂಸಿ ನದಿಯ ಈಚೆಗೆ, ತನ್ನ ಮನೆಯ ಬಾಗಿಲಿಗೆ ತಂದುಕೊಂಡ. ಅಂದಿನಿಂದ ಸಿಕಂದರಾಬಾದಿನ ಅಧಿಕಾರಿಗಳಿಗೆ ರೇಸು ನೋಡಬೇಕೆಂದರೆ ನಿಜಾಮರ ಅಂಗಳಕ್ಕೆ ಅತಿಥಿಗಳಾಗಿ ಬರುವುದೊಂದೇ ದಾರಿ ಉಳಿಯಿತು. ಅದೇ ಕಾಲಕ್ಕೆ ಮಲಕಪೇಟೆಯ ಬದಿಯ ಗುಡ್ಡದ ಮೇಲೆ, ನಿಜಾಮರಿಗೆ ಕುದುರೆ ಪಡೆ ಸಾಕಿಕೊಡುತ್ತಿದ್ದ ಪಾಯಗಾ ಮನೆತನದ ಆಸ್ಮಾನ್ ಜಾಹ್ ಅವರು ಆಸ್ಮಾನ್ ಗಢ ಎಂಬ ಮಹಲನ್ನು ಕಟ್ಟಿಸಿದರು ಎಂಬುದನ್ನೂ ಇದರ ಜೊತೆ ಇಟ್ಟು ನೋಡಬೇಕು. ಶ್ರೀಮಂತರ ಕಣ್ಣು ಆ ದಿಕ್ಕಿಗೆ ತಿರುಗಿದ್ದ ಹೊತ್ತು ಅದು.

ಮೆಹಬೂಬ ಅಲಿ ಖಾನರು 1911ರ ಆಗಸ್ಟಿನಲ್ಲಿ ತೀರಿಕೊಂಡರು. ಅವರ ನಂತರ ರೇಸು ಮಲಕಪೇಟೆ ಬಿಟ್ಟು ಮತ್ತೆ ನದಿಯಾಚೆಗೆ, ಸಿಕಂದರಾಬಾದಿನ ಪರೇಡ್ ಮೈದಾನಕ್ಕೆ ಹೋಯಿತು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ವಾಸ ಕಿಂಗ್ ಕೋಠಿಯಲ್ಲಿ. ಅವರ ಮಿತವ್ಯಯದ ಕಥೆಗಳು ನಮ್ಮ ಭಾಗದ ಮನೆಮನೆಗೂ ಗೊತ್ತು. ಅರಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಬಂದ ಆಟ, ಆ ಅರಮನೆಯ ಒಡೆಯರೇ ಇಲ್ಲವಾದ ಮೇಲೆ ಅಲ್ಲಿ ನಿಲ್ಲುವುದಾದರೂ ಹೇಗೆ? ದಂಡಿನವರಿಗೆ ಮಾತ್ರ ಕುದುರೆಯೂ ಬೇಕಿತ್ತು, ಮೈದಾನವೂ ಇತ್ತು.

ಮುಂದಿನ ತಿರುವು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17ರ ನಂತರದ್ದು, ಮತ್ತು ಇದನ್ನು ನಮ್ಮಲ್ಲಿ ಯಾರೂ ರೇಸಿನ ಜೊತೆ ಸೇರಿಸಿ ಹೇಳುವುದಿಲ್ಲ. 1949ರಲ್ಲಿ, ಶ್ರೀಮಂತ ಮನೆತನಗಳಿಗೆ ಊರುಗಳ ಕಂದಾಯ ತರುತ್ತಿದ್ದ ಜಾಗೀರುಗಳು ರದ್ದಾದವು. ಕುದುರೆಗಳ ಲಾಯ ಸಾಕುವುದು ಎಂದರೆ ದಿನವೂ ಹಣ ಸುರಿಯುವ ಕೆಲಸ. ಒಂದು ಕುದುರೆಯ ಹಿಂದೆ ಅದನ್ನು ನೋಡಿಕೊಳ್ಳುವ ಒಬ್ಬ ಸಾಯಿಸ, ಲಾಳ ಕಟ್ಟುವವನು, ಮೇವಿನವನು, ತರಬೇತಿ ಕೊಡುವವನು ಇರಬೇಕು, ಅದು ಓಡಲಿ ಬಿಡಲಿ. ಆ ಹಣ ಬರುತ್ತಿದ್ದದ್ದು ಜಾಗೀರಿನಿಂದ. ಜಾಗೀರು ಹೋದ ಮೇಲೆ ಒಬ್ಬ ನವಾಬನ ಹೆಗಲ ಮೇಲೆ ರೇಸು ನಿಲ್ಲುವ ಕಾಲ ಮುಗಿಯಿತು. ಸದಸ್ಯರ ಚಂದಾ, ಪ್ರೇಕ್ಷಕರ ಟಿಕೆಟ್ಟು ಮತ್ತು ಪಣದ ಹಣದಲ್ಲಿ ಒಂದು ಪಾಲು ಇವುಗಳ ಮೇಲೆ ನಿಲ್ಲುವ ಸಂಸ್ಥೆ ಬೇಕಾಯಿತು. 1961ರಲ್ಲಿ ಹೈದರಾಬಾದ್ ರೇಸ್ ಕ್ಲಬ್ ಸ್ಥಾಪನೆಯಾದದ್ದನ್ನು ನಾನು ಈ ಹಿನ್ನೆಲೆಯಲ್ಲಿ ಓದುತ್ತೇನೆ. ಆ ಕ್ಲಬ್ಬೇ 1968ರಲ್ಲಿ ರೇಸನ್ನು ಮಲಕಪೇಟೆಗೆ ಮರಳಿ ತಂದಿತು. ಅಂದಿನಿಂದ ಅದು ಅಲ್ಲಿಯೇ ಇದೆ: ಮಳೆಗಾಲದ್ದೊಂದು, ಚಳಿಗಾಲದ್ದೊಂದು ಎಂದು ವರ್ಷಕ್ಕೆ ಎರಡು ಹಂಗಾಮು. ಮಳೆಗಾಲದ ಹಂಗಾಮಿನ ದೊಡ್ಡ ಓಟವಾದ ಡೆಕ್ಕನ್ ಡರ್ಬಿ ವಾಡಿಕೆಯಂತೆ ಅಕ್ಟೋಬರ್ 2ರಂದು ನಡೆಯುತ್ತದೆ. ಗಾಂಧೀ ಜಯಂತಿಯ ದಿನವೇ ಪಣ ಕಟ್ಟುವ ಈ ಏರ್ಪಾಡನ್ನು ಯಾರು ಗೊತ್ತುಮಾಡಿದರೋ, ಅವರು ರಜೆ ನೋಡಿದರೇ ಹೊರತು ಮಹಾತ್ಮರನ್ನು ನೋಡಿದಂತಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ರೇಸು ದಂಡಿನವರದು, ಜಾಗ ನಿಜಾಮರು ಕೊಟ್ಟದ್ದು, ಇಂದಿನ ಆಡಳಿತ ಕ್ಲಬ್ಬಿನದು. ಕ್ಲಬ್ ಹುಟ್ಟುವ ಐದು ವರ್ಷ ಮೊದಲೇ, 1956ರಲ್ಲಿ, ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ ಆಗಿತ್ತು ಎಂಬುದನ್ನೂ ಗಮನಿಸಬೇಕು. ನಮ್ಮವರು ಪ್ರಜೆಗಳಾಗಿ ಕಂಡ ಮಲಕಪೇಟೆ ಬೇರೆ, ಪರ ರಾಜ್ಯದಿಂದ ಹೋಗಿ ಕಂಡ ಮಲಕಪೇಟೆ ಬೇರೆ. ಆಳಂದದ ಕುದುರೆಗಳ ಬಗ್ಗೆ ಬೀದರದವರು ಯಾರಾದರೂ ಹೇಳಲಿ.

ಉತ್ತರ 2: ಚಿಟಗುಪ್ಪಾದವಳು, ಬೀದರ

ದಖನ್ನಿನ ದಾರಿ ಸರ್ ನನಗಾಗಿಯೇ ಬಾಗಿಲು ತೆರೆದಿಟ್ಟಂತಿದೆ. ನಿಮ್ಮ ಗೆಳೆಯರು ಹೇಳಿದ ಆ 20 ಸಾವಿರದ ಲೆಕ್ಕ ಗಾಳಿಮಾತಲ್ಲ, ಆದರೆ ಅದನ್ನು ರೇಸಿಗೆ ಜೋಡಿಸಿದ್ದು ತಪ್ಪು.

ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ 15ನೆಯ ಶತಮಾನದ ಉತ್ತರಾರ್ಧದಲ್ಲಿ, ಬಹಮನಿ ಸುಲ್ತಾನ ಮೂರನೆಯ ಮುಹಮ್ಮದನ ಕಾಲದಲ್ಲಿ, ಬೀದರಕ್ಕೆ ಬಂದಿದ್ದ. ಬೀದರದಿಂದ ಹನ್ನೆರಡು ಹರದಾರಿಯ ಆಚೆ ಶೇಖ್ ಅಲಾಉದ್ದೀನರ ಸ್ಥಳದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ದೊಡ್ಡ ಸಂತೆಯ ಬಗ್ಗೆ ಅವನು ಬರೆದಿದ್ದಾನೆ. ಅಲ್ಲಿಗೆ ಮಾರಾಟಕ್ಕೆ 20 ಸಾವಿರದವರೆಗೆ ಕುದುರೆಗಳು ಬರುತ್ತವೆ ಎಂಬ ಲೆಕ್ಕ ಅವನದೇ. ಆ ಸ್ಥಳವನ್ನು ವಿದ್ವಾಂಸರು ಆಳಂದವೆಂದು ಗುರುತಿಸುತ್ತಾರೆ. ಅಲ್ಲಿಯ ಲಾಡ್ಲೆ ಮಶಾಯಖರ ಹೆಸರೇ ಶೇಖ್ ಅಲಾಉದ್ದೀನ್ ಅನ್ಸಾರಿ. ಲೆಕ್ಕದಲ್ಲಿ ಪರದೇಶಿಯ ಬೆರಗು ಸ್ವಲ್ಪ ಸೇರಿದ್ದರೂ ಇರಬಹುದು, ಆದರೆ ಸಂತೆ ದೊಡ್ಡದಿತ್ತು ಎಂಬುದರಲ್ಲಿ ಸಂಶಯ ಪಡಬೇಕಾಗಿಲ್ಲ.

ನಿಕಿತಿನ್ ಮಾತನ್ನು ನಂಬಲು ಒಂದು ಕಾರಣವಿದೆ: ಅವನೂ ಕುದುರೆ ಮಾರಲೆಂದೇ ಬಂದವನು. ಒಂದೇ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ಚೌಲ್ ಬಂದರಿಗೆ ತಂದ. ಜುನ್ನಾರಿನಲ್ಲಿ ಅಲ್ಲಿಯ ಅಧಿಕಾರಿ ಅಸದ್ ಖಾನ್, ಇವನು ಮುಸಲ್ಮಾನನಲ್ಲ ಎಂದು ತಿಳಿದು ಕುದುರೆಯನ್ನು ಕಸಿದುಕೊಂಡ. ಖುರಾಸಾನದ ಒಬ್ಬ ಖ್ವಾಜಾ ನಡುವೆ ಬಂದು ಅದನ್ನು ಬಿಡಿಸಿಕೊಟ್ಟ. ಕೊನೆಗೆ ಕ್ರಿಸ್‌ಮಸ್ಸಿನ ಹೊತ್ತಿಗೆ ಅದನ್ನು ಬೀದರದಲ್ಲಿ ಮಾರಿದ. ಇಲ್ಲಿ ಕುದುರೆಗೆ ಬಟಾಣಿಯನ್ನೂ, ಸಕ್ಕರೆ ಮತ್ತು ಎಣ್ಣೆ ಹಾಕಿ ಬೇಯಿಸಿದ ಖಿಚಡಿಯನ್ನೂ ತಿನ್ನಿಸುತ್ತಾರೆ ಎಂದು ಅಚ್ಚರಿಯಿಂದ ಬರೆದುಕೊಂಡಿದ್ದಾನೆ. ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲ ಎಂದೂ ಹೇಳುತ್ತಾನೆ, ಅದು ಅರ್ಧ ಸತ್ಯ. ಭೀಮಾ ಮತ್ತು ನೀರಾ ನದಿಗಳ ದಂಡೆಯ ಭೀಮಥಡಿ ತಟ್ಟುಗಳು ಮುಂದೆ ಮರಾಠಾ ಪಡೆಗೆ ಬೆನ್ನೆಲುಬಾದವು. ಆದರೆ ಕಬ್ಬಿಣದ ಅಂಗಿ ತೊಟ್ಟ ಸವಾರನನ್ನು ಹೊರುವ ಎತ್ತರದ ಯುದ್ಧದ ಕುದುರೆ ಅರೇಬಿಯ, ಇರಾನುಗಳಿಂದ ಕಡಲ ಮೇಲೆ ಬರಬೇಕಿತ್ತು, ಅದಕ್ಕಾಗಿ ಬಹಮನಿಗಳೂ ವಿಜಯನಗರದವರೂ ಬಂದರುಗಳ ಮೇಲೆ ಕಣ್ಣಿಟ್ಟು ಕುಳಿತಿದ್ದರು. ನಮ್ಮ ಮಹಮೂದ್ ಗವಾನರು ಕೂಡ ಗೀಲಾನಿನಿಂದ ವ್ಯಾಪಾರಿಯಾಗಿ ದಾಭೋಳ ಬಂದರಿಗೆ ಇಳಿದು ಬೀದರಕ್ಕೆ ಬಂದವರೇ; ಆಮೇಲೆ ವಜೀರರಾದರು, 1472ರಲ್ಲಿ ಮದರಸಾ ಕಟ್ಟಿಸಿದರು.

ಇದೆಲ್ಲ ಯುದ್ಧಕ್ಕಾಗಿ ನಡೆದ ವ್ಯಾಪಾರ. ಹಗ್ಗ ಹಿಡಿದು ಅಳೆದ ಓಟದ ದಾರಿ, ಭಾರದ ಲೆಕ್ಕ, ವಂಶಾವಳಿ ಬರೆದಿಟ್ಟ ಕುದುರೆ, ಇವು ಇಂಗ್ಲೆಂಡಿನಿಂದ ದಂಡಿನ ಜೊತೆ ಬಂದವು. ಆಳಂದದ ಸಂತೆಯ ಸಂತತಿಯನ್ನು ಹುಡುಕುವುದಾದರೆ ಮಲಕಪೇಟೆಯಲ್ಲಿ ಅಲ್ಲ, ನಾಂದೇಡ ಜಿಲ್ಲೆಯ ಮಾಳೆಗಾಂವದ ಖಂಡೋಬಾ ಜಾತ್ರೆಯಲ್ಲಿ ಹುಡುಕಬೇಕು. ಅಲ್ಲಿ ಇಂದಿಗೂ ಕುದುರೆಗಳು ಮಾರಾಟಕ್ಕೆ ಬರುತ್ತವೆ. ಬೀದರಕ್ಕೆ ಅದು ದೂರವೂ ಅಲ್ಲ, ಮೈಲಾರ ಮಲ್ಲಣ್ಣನ ಒಕ್ಕಲಿಗೆ ಆ ದೇವರು ಪರಕೀಯನೂ ಅಲ್ಲ.

ಆದರೂ ಮಲಕಪೇಟೆಗೂ ನಮಗೂ ನಂಟು ಇದೆ, ಅದು ಸರ್ ಹೇಳಿದ ಜಾಗೀರಿನಲ್ಲೇ ಇದೆ. ಪಾಯಗಾ ಮನೆತನದವರು ನಿಜಾಮರಿಗೆ ಕುದುರೆ ಪಡೆಯನ್ನು ಸಾಕಿಕೊಡುವ ಹೊಣೆ ಹೊತ್ತು ಜಾಗೀರು ಪಡೆದವರು. ನಮ್ಮ ಚಿಟಗುಪ್ಪಾ, ಕಲಬುರಗಿ ಜಿಲ್ಲೆಯ ಆಳಂದ ಇವು ಪಾಯಗಾದ ತಾಲೂಕುಗಳಾಗಿದ್ದವು. ಆಸ್ಮಾನ್ ಗಢದಂಥ ಮಹಲುಗಳಿಗೂ ಆ ಮನೆತನದ ಲಾಯಗಳಿಗೂ ಇಂಥ ತಾಲೂಕುಗಳ ರೈತರು ಕಟ್ಟಿದ ಕಂದಾಯವೇ ಆಧಾರ. ಕರಿನೆಲದಲ್ಲಿ ಜೋಳ, ತೊಗರಿ ಬೆಳೆದವರು ಯಾರೂ ಆ ಗೆಲುವಿನ ಗೆರೆಯನ್ನು ಕಣ್ಣಾರೆ ನೋಡಿರಲಾರರು.

ಉತ್ತರ 3: ಭೀಮಾತೀರ, ಯಾದಗಿರಿ

ಅಕ್ಕಾವ್ರ ಕೊನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೆ ಇಬ್ಬರೂ ಇಷ್ಟೆಲ್ಲ ಬರೆದು ಮುಖ್ಯ ಸಂಗತಿಯನ್ನು ಪಕ್ಕಕ್ಕೆ ಸರಿಸಿದ್ದೀರಿ ಎಂದು ನನಗೆ ಅನ್ನಿಸಿತು. ರೇಸ್ ಕೋರ್ಸಿನ ಇತಿಹಾಸ ಎಂದರೆ ಜೂಜಿನ ಇತಿಹಾಸವೂ ಹೌದು. ನಮ್ಮ ಊರಿನ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತು ಎಲೆ ಆಡಿದರೆ ಪೊಲೀಸರು ಚಾಪೆ ಸಮೇತ ಎತ್ತಿಕೊಂಡು ಹೋಗುತ್ತಾರೆ. ಸಾವಿರಾರು ಜನ ಟಿಕೆಟ್ಟು ಕೊಂಡು, ಮೈಕಿನಲ್ಲಿ ಕೂಗಿ ಹೇಳುತ್ತಿರುವಾಗ ಪಣ ಕಟ್ಟಿದರೆ ಅದು ಕ್ರೀಡೆ ಹೇಗೆ ಆಗುತ್ತದೆ? ನಿಜಾಮರ ಕಾಲದಲ್ಲಿಯೂ ಈ ಭೇದ ಇತ್ತೇ, ಇಲ್ಲವೇ ಇದು ಆಮೇಲೆ ಹುಟ್ಟಿದ್ದೇ? ವಕೀಲಿ ಬಲ್ಲವರು ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 4: ವಕೀಲರ ಓಣಿ, ಕಲಬುರಗಿ

ಭೀಮಾತೀರದವರು ಕೇಳಿದ್ದು ನ್ಯಾಯಾಲಯಗಳೂ ಕೇಳಿಕೊಂಡ ಪ್ರಶ್ನೆಯೇ. ಅದಕ್ಕೆ ಉತ್ತರ ಸಿಕ್ಕ ದಾರಿ ಹೈದರಾಬಾದ ಸಂಸ್ಥಾನದ ಕಾನೂನಿನ ಮೂಲಕವೇ ಹಾದುಹೋಗುತ್ತದೆ ಎಂಬುದು ಕುತೂಹಲದ ಸಂಗತಿ.

ನಿಜಾಮರ ರಾಜ್ಯದಲ್ಲಿ ಜೂಜಿನ ಮೇಲೆ ನಿರ್ಬಂಧವಿತ್ತು. ಹೈದರಾಬಾದ್ ಜೂಜು ಕಾಯ್ದೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿ 1305 ಫಸಲಿಯದು, ಅಂದರೆ 1895-96ರ ಸುಮಾರಿನದು. ಹಳೆಯ ಪಹಣಿ ನೋಡಿದವರಿಗೆ ಫಸಲಿ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಈ ಕಾಯ್ದೆಯ ಅಡಿಯಲ್ಲಿಯೇ 1963ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಪೊಲೀಸರು ದಾಳಿ ಮಾಡಿ, ಹಣ ಇಟ್ಟು ರಮ್ಮಿ ಆಡುತ್ತಿದ್ದವರನ್ನು ಹಿಡಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೂರೆಲೆ ಆಟ ಬರೀ ಅದೃಷ್ಟದ್ದು, ಆದರೆ ರಮ್ಮಿಯಲ್ಲಿ ಯಾವ ಎಲೆ ಬಿತ್ತು ಎಂದು ನೆನಪಿಟ್ಟುಕೊಂಡು ಆಡಬೇಕಾದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಎಂದು ನ್ಯಾಯಾಲಯ 1967ರಲ್ಲಿ ಹೇಳಿತು. ಕುದುರೆ ರೇಸಿನ ಮಾತು ಬಂದದ್ದು ಮದರಾಸ್ ರೇಸ್ ಕ್ಲಬ್ಬಿನ ಪ್ರಕರಣದಲ್ಲಿ. ತಮಿಳುನಾಡು ಸರ್ಕಾರ ರೇಸನ್ನು ನಿಲ್ಲಿಸಲು 1974ರಲ್ಲಿ ಕಾನೂನು ಮಾಡಿತು, 1986ರಲ್ಲಿ ಕ್ಲಬ್ಬನ್ನೇ ವಶಕ್ಕೆ ತೆಗೆದುಕೊಳ್ಳುವ ಇನ್ನೊಂದು ಕಾನೂನನ್ನೂ ತಂದಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು: ಕುದುರೆಯ ತಳಿ, ತರಬೇತಿ, ಹಿಂದಿನ ಓಟಗಳು, ಓಟದ ಸವಾರನಾದ ಜಾಕಿಯ ಕೈಚಳಕ ಇವುಗಳ ಮೇಲೆ ಫಲಿತಾಂಶ ನಿಲ್ಲುವುದರಿಂದ ರೇಸು ಮುಖ್ಯವಾಗಿ ಕೌಶಲದ ಆಟ, ಅದರ ಮೇಲೆ ಪಣ ಕಟ್ಟುವುದು ಕಾನೂನಿನ ಅರ್ಥದಲ್ಲಿ ಜೂಜಲ್ಲ. 1986ರ ಕಾಯ್ದೆ ಬಿದ್ದುಹೋಯಿತು. ಸಿಕಂದರಾಬಾದಿನ ರಮ್ಮಿ ತೀರ್ಪು ಆ ವಾದಕ್ಕೆ ಒಂದು ಆಧಾರಗಲ್ಲಾಗಿತ್ತು.

ಕೌಶಲ ಎಲ್ಲಿದೆ ಎಂದು ಕೇಳಿದರೆ, ಹ್ಯಾಂಡಿಕ್ಯಾಪ್ ಓಟವನ್ನು ಹತ್ತಿರದಿಂದ ನೋಡಬೇಕು. ಓಟಕ್ಕೆ ಮೊದಲು ಜಾಕಿ ತನ್ನ ಜೀನನ್ನು ಕೈಯಲ್ಲಿ ಹಿಡಿದು ತಕ್ಕಡಿಯ ಮೇಲೆ ನಿಲ್ಲುತ್ತಾನೆ. ಹಿಂದೆ ಚೆನ್ನಾಗಿ ಓಡಿದ ಕುದುರೆಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ ಭಾರ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಜಾಕಿ ಮತ್ತು ಜೀನಿನ ತೂಕ ಆ ಭಾರಕ್ಕೆ ಕಡಿಮೆ ಬಿದ್ದರೆ ಜೀನಿನ ಚೀಲದಲ್ಲಿ ಸೀಸದ ತಗಡುಗಳನ್ನು ತುಂಬಿ ಸರಿದೂಗಿಸುತ್ತಾರೆ. ಗೆದ್ದು ಬಂದ ಮೇಲೂ ಅದೇ ಜೀನಿನ ಸಮೇತ ಮತ್ತೆ ತೂಗುತ್ತಾರೆ. ತೂಕ ತಪ್ಪಿದರೆ ಗೆಲುವೂ ತಪ್ಪುತ್ತದೆ. ಓಟಕ್ಕೆ ಮೊದಲು ಕುದುರೆಗಳನ್ನು ತೋರಿಸುವ ಅಂಗಳವಾದ ಪ್ಯಾಡಕ್ಕಿನಲ್ಲಿ ಸಾಯಿಸರು ಕುದುರೆಗಳನ್ನು ಸುತ್ತು ಹಾಕಿಸುವಾಗ ಬಲ್ಲವರು ನೋಡುವುದು ಬಣ್ಣವನ್ನಲ್ಲ, ಹೆಜ್ಜೆಯನ್ನು ಮತ್ತು ಬೆವರನ್ನು. ಇದೆಲ್ಲ ನಿಜ. ಆದರೆ ನೆರೆದವರಲ್ಲಿ ಇಷ್ಟು ನೋಡಿ ಹಣ ಇಡುವವರು ಎಷ್ಟು ಜನ, ಹೆಸರು ಚೆಂದವಿದೆ ಎಂದು ಇಡುವವರು ಎಷ್ಟು ಜನ ಎಂದು ಭೀಮಾತೀರದವರು ಕೇಳಿದರೆ, ಅವರ ಕಡೆ ನ್ಯಾಯವಿದೆ ಎಂದೇ ನಾನು ಹೇಳುತ್ತೇನೆ. ತೀರ್ಪು ಆಟದ ಸ್ವರೂಪವನ್ನು ಹೇಳುತ್ತದೆ, ಆಡುವವರ ಮನೆಯ ಸ್ಥಿತಿಯನ್ನಲ್ಲ.

ಹಣದ ಲೆಕ್ಕವೂ ಗೊತ್ತಿರಲಿ. ಟೋಟಿನಲ್ಲಿ ಎಲ್ಲರ ಪಣ ಒಂದೇ ಗಂಟಿಗೆ ಬೀಳುತ್ತದೆ; ಅದರಿಂದ ತೆರಿಗೆ ಮತ್ತು ಕ್ಲಬ್ಬಿನ ಪಾಲು ಮೊದಲು ಮುರಿದುಕೊಂಡು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಅಂದರೆ ಯಾವ ಕುದುರೆ ಗೆದ್ದರೂ ಸರ್ಕಾರಕ್ಕೂ ಕ್ಲಬ್ಬಿಗೂ ಸೋಲಿಲ್ಲ. ಬುಕ್ಕಿಯ ಹತ್ತಿರ ಹಾಗಲ್ಲ, ಅವನು ದರ ಮೊದಲೇ ಹೇಳಿ ತನ್ನ ಕೈಯಿಂದ ಕೊಡುತ್ತಾನೆ. ಹೈದರಾಬಾದಿನಲ್ಲಿ ರೇಸಿನ ಪಣದ ಮೇಲಿನ ತೆರಿಗೆಯ ಕಾನೂನು 1358 ಫಸಲಿಯದು, ಅಂದರೆ 1948-49ರದು. ಜಾಗೀರು ರದ್ದತಿಯ ಕಾನೂನು ಕೂಡ ಅದೇ 1358 ಫಸಲಿಯದು. ಜಾಗೀರುದಾರನ ಹಣ ನಿಂತ ವರ್ಷವೇ ಪಣ ಕಟ್ಟುವವನ ಹಣದಲ್ಲಿ ಸರ್ಕಾರ ತನ್ನ ಪಾಲನ್ನು ಬರೆದುಕೊಂಡಿತು. ದಖನ್ನಿನ ದಾರಿ ಸರ್ ಮಾಡಿದ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಜಿಎಸ್‌ಟಿಯನ್ನು ಪಣದ ಪೂರ್ಣ ಮೊತ್ತದ ಮೇಲೆಯೇ ಲೆಕ್ಕ ಹಾಕುವುದರಿಂದ ದೇಶದ ಎಲ್ಲ ಕ್ಲಬ್ಬುಗಳೂ ಈಗ ಉಸಿರು ಹಿಡಿದು ನಡೆಯುತ್ತಿವೆ.

ಮರುಪ್ರಶ್ನೆ: ಬ್ರಹ್ಮಪುರ ಓದುಗ, ಕಲಬುರಗಿ

ಎಲ್ಲರಿಗೂ ಅನಂತ ಧನ್ಯವಾದಗಳು. ಇಸವಿಗಳ ಜಗಳ ಇಲ್ಲಿಗೆ ತೀರಿತು. ಅಕ್ಕಾವ್ರು ಹೇಳಿದ ಕಂದಾಯದ ಸಂಗತಿಯನ್ನು ಕೂಟದಲ್ಲಿ ಓದಿ ಹೇಳುತ್ತೇನೆ. ಇನ್ನೊಂದೇ ಪ್ರಶ್ನೆ. ಬೆಂಗಳೂರಿನ ರೇಸ್ ಕೋರ್ಸನ್ನು ಊರ ಹೊರಗೆ ಕಳಿಸಬೇಕು ಎಂಬ ಮಾತು ವರ್ಷಗಳಿಂದ ನಡೆದಿದೆ, ಆದರೆ ಮಲಕಪೇಟೆಯ ಬಗ್ಗೆ ಅಷ್ಟು ಗದ್ದಲ ನಮಗೆ ಕೇಳಿಸುವುದಿಲ್ಲ. ಜಾಗದ ಹಕ್ಕಿನಲ್ಲಿ ಇವುಗಳ ನಡುವೆ ವ್ಯತ್ಯಾಸವಿದೆಯೇ?

ಉತ್ತರ 5: ದಖನ್ನಿನ ದಾರಿ, ಕಲಬುರಗಿ

ಗದ್ದಲಕ್ಕೆ ಕಾರಣ ಗುತ್ತಿಗೆ, ಸರ್. ಬೆಂಗಳೂರು ಟರ್ಫ್ ಕ್ಲಬ್ ಇರುವ ಸುಮಾರು 85 ಎಕರೆ ಸರ್ಕಾರದ ನೆಲ. ಅದರ ಗುತ್ತಿಗೆ 2009ರ ಕೊನೆಗೆ ಮುಗಿಯಿತು, ಅಲ್ಲಿಂದ ವ್ಯಾಜ್ಯ ನಡೆದೇ ಇದೆ. ಗಿಂಡಿಯಲ್ಲಿ ತಮಿಳುನಾಡು ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಬಾಡಿಗೆ ಬಾಕಿಯ ಕಾರಣ ಕೊಟ್ಟು ಗುತ್ತಿಗೆ ರದ್ದುಮಾಡಿ, ಸುಮಾರು 160 ಎಕರೆಯ ಜಾಗಕ್ಕೆ ಬೀಗ ಹಾಕಿತು. ಮಹಾಲಕ್ಷ್ಮಿಯ 99 ವರ್ಷದ ಗುತ್ತಿಗೆ 2013ರಲ್ಲಿ ತೀರಿತ್ತು. 2024ರ ಒಪ್ಪಂದದಲ್ಲಿ 211 ಎಕರೆಯ ಪೈಕಿ 120 ಎಕರೆಯನ್ನು ಸಾರ್ವಜನಿಕ ಉದ್ಯಾನಕ್ಕೆಂದು ನಗರಪಾಲಿಕೆಗೆ ಬಿಟ್ಟು, ಉಳಿದ 91 ಎಕರೆಯಲ್ಲಿ ರೇಸನ್ನು ಉಳಿಸಿಕೊಂಡರು. ಮೂರೂ ಕಡೆ ಮೈದಾನ ಹಾಕಿದಾಗ ಅದು ಊರಂಚು, ಈಗ ಊರ ನಡುವೆ. ಮೂರೂ ಕಡೆ ಜಗಳ ಕುದುರೆಯ ಮೇಲಿನದಲ್ಲ, ನೆಲದ ಬೆಲೆಯ ಮೇಲಿನದು.

ಮಲಕಪೇಟೆಯ ಚರಿತ್ರೆಯೇ ಬೇರೆ. ಉಳಿದವು ಒಂದೇ ಜಾಗದಲ್ಲಿ ಬೇರು ಬಿಟ್ಟು ಕುಳಿತವು; ಇದು ಮಾತ್ರ ದಂಡಿನಿಂದ ಅರಮನೆಗೆ, ಅರಮನೆಯಿಂದ ದಂಡಿಗೆ, ಅಲ್ಲಿಂದ ಕ್ಲಬ್ಬಿಗೆ ಎಂದು ಕುದುರೆಯ ಖರ್ಚು ಹೊರುವವರ ಹಿಂದೆ ತಿರುಗಿದೆ. ಈಗ ಆ ಖರ್ಚು ಹೊರುತ್ತಿರುವುದು ಟೋಟಿನ ಗಂಟು, ಅದು ಕರಗಿದರೆ ನೆಲದ ಪ್ರಶ್ನೆ ಅಲ್ಲಿಯೂ ಏಳುತ್ತದೆ. ನಿಮ್ಮ ಕೂಟದವರು ಒಮ್ಮೆ ಹೋಗಿ ನೋಡುವುದಾದರೆ ಮಳೆಗಾಲದ ಹಂಗಾಮಿನಲ್ಲಿ ಹೋಗಿರಿ. ಮೊದಲು ಆಸ್ಮಾನ್ ಗಢದ ಗುಡ್ಡದ ಕಡೆ ಹೋಗಿ, ಆಮೇಲೆ ಮೈದಾನಕ್ಕೆ ಬಂದರೆ 1880ರ ದಶಕದ ಆ ಬಡಾವಣೆ ಯಾಕೆ ಹಾಗೆ ಬೆಳೆಯಿತು ಎಂಬುದು ನಕ್ಷೆಯಿಲ್ಲದೆ ತಿಳಿಯುತ್ತದೆ. ಪಣ ಕಟ್ಟುವುದು ಬಿಡುವುದು ನಿಮಗೆ ಸೇರಿದ್ದು, ಭೀಮಾತೀರದವರು ಜೊತೆಗಿದ್ದರೆ ಬಿಡುವುದೇ ಲೇಸು.